ಎರಡು ಡೆತ್ ಸರ್ಟಿಫಿಕೇಟ್, ಒಂದು ಆಸ್ಕರ್

2025ರ ಜನವರಿಯಲ್ಲಿ ಬ್ರೆಜಿಲಿನ ಒಂದು ಕುಟುಂಬದ ಕಥೆಗೆ ಎರಡು ದಿಕ್ಕಿನಿಂದ ಮನ್ನಣೆ ಬಂತು. ಅಮೆರಿಕದ ಬೆವರ್ಲಿ ಹಿಲ್ಸ್‌ನಲ್ಲಿ 'ಐಯಾಮ್ ಸ್ಟಿಲ್ ಹಿಯರ್' ಚಿತ್ರದ ನಾಯಕಿ ಫರ್ನಾಂಡಾ ಟೊರೆಸ್ ಗೋಲ್ಡನ್ ಗ್ಲೋಬ್ ಪಡೆದರು. ಚಿತ್ರ ಆಸ್ಕರ್‌ನ ಮೂರು ವಿಭಾಗಗಳಿಗೆ ನಾಮನಿರ್ದೇಶನಗೊಂಡಿತು. ಅದೇ ತಿಂಗಳು ಬ್ರೆಜಿಲಿನ ನೋಂದಣಿ ಕಚೇರಿಯೊಂದು ರೂಬೆನ್ಸ್ ಪೈವಾ ಎಂಬುವರ ಮರಣದ ದಾಖಲೆಯನ್ನು ತಿದ್ದಿ ಬರೆಯಿತು. ಸಾವು ಸಹಜವಾದದ್ದಲ್ಲ, ಹಿಂಸೆಯಿಂದ ಆದದ್ದು, ಮಾಡಿದ್ದು ಬ್ರೆಜಿಲ್ ಪ್ರಭುತ್ವ ಎಂದು ಆ ಪತ್ರ ಈಗ ಹೇಳುತ್ತದೆ. ಮನುಷ್ಯ ಸತ್ತು 54 ವರ್ಷಗಳಾಗಿದ್ದವು.

ಜಗತ್ತಿನ ಪತ್ರಿಕೆಗಳು ಮೊದಲ ಸುದ್ದಿಯನ್ನು ಮುಖಪುಟಕ್ಕೆ ಹಾಕಿದವು, ಎರಡನೆಯದಕ್ಕೆ ಒಳಪುಟದಲ್ಲಿ ಜಾಗ ಕೊಟ್ಟವು. ಸಿನಿಮಾ ಪುಟಗಳ ಜಾಯಮಾನವೇ ಹಾಗೆ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಆತ್ಮಕಥನವೊಂದನ್ನು ಆಧರಿಸಿದ ಚಿತ್ರ ಗೆದ್ದಿತೋ ಸೋತಿತೋ ಎಂದು ಕೇಳುವಾಗ ನಾವು ನೋಡಬೇಕಾದದ್ದು ಈ ಎರಡನೆಯ ಸುದ್ದಿಯ ಕಡೆಗೆ ಎಂಬುದು ನನ್ನ ವಾದ. ಕಾದಂಬರಿ ಆಧರಿಸಿದ ಚಿತ್ರಕ್ಕೆ ಒಂದೇ ತೀರ್ಪು ಸಾಕು: ಕಲೆಯಾಗಿ ಹೇಗಿದೆ? ಆತ್ಮಕಥನದಿಂದ ಬಂದ ಚಿತ್ರ ಬದುಕಿದ್ದವರ, ಸತ್ತವರ ನಿಜ ಹೆಸರುಗಳನ್ನು ಸಾಲವಾಗಿ ತಂದಿರುತ್ತದೆ. ಸಾಲ ತೀರಿತೇ ಎಂಬ ಎರಡನೆಯ ತೀರ್ಪನ್ನು ಯಾವ ಜ್ಯೂರಿಯೂ ಕೊಡಲಾರದು. ಅದನ್ನು ಕೊಡುವ ಹಕ್ಕು ಆ ಹೆಸರುಗಳನ್ನು ಬಲ್ಲ ಊರಿನವರದು.

ಕಥೆ ಇಷ್ಟು. ರೂಬೆನ್ಸ್ ಪೈವಾ ಸಿವಿಲ್ ಎಂಜಿನಿಯರ್, ಸಂಸದ. 1964ರಲ್ಲಿ ಸೇನೆ ಅಧಿಕಾರ ಹಿಡಿದಾಗ ಅವರ ಸದಸ್ಯತ್ವ ರದ್ದಾಯಿತು. ಕೆಲಕಾಲ ದೇಶದ ಹೊರಗಿದ್ದು ಮರಳಿದವರು ರಿಯೊ ದ ಜನೈರೊದ ಲೆಬ್ಲಾನ್ ಕಡಲ ಬದಿಯಲ್ಲಿ ಹೆಂಡತಿ ಯೂನಿಸ್ ಮತ್ತು ಐದು ಮಕ್ಕಳೊಡನೆ ನೆಲೆಸಿದರು. 1971ರ ಜನವರಿ 20ರಂದು ಮಫ್ತಿಯ ಜನ ಮನೆಗೆ ಬಂದು, ಹೇಳಿಕೆ ಕೊಡಬೇಕೆಂದು ಕರೆದೊಯ್ದರು. ರೂಬೆನ್ಸ್ ತಮ್ಮದೇ ಕಾರನ್ನು ತಾವೇ ನಡೆಸಿಕೊಂಡು ಹೋದರು. ಮರುದಿನ ಯೂನಿಸ್ ಮತ್ತು ಹದಿಹರೆಯದ ಮಗಳು ಎಲಿಯಾನಾರನ್ನೂ ಒಯ್ದರು. ಮಗಳನ್ನು ಒಂದು ದಿನದ ನಂತರ ಬಿಟ್ಟರು, ತಾಯಿಯನ್ನು ಹನ್ನೆರಡು ದಿನ ಇಟ್ಟುಕೊಂಡರು. ರೂಬೆನ್ಸ್ ಮಾತ್ರ ಮನೆಗೆ ಬರಲೇ ಇಲ್ಲ. ಬೇರೆಡೆಗೆ ಸಾಗಿಸುವಾಗ ಭಯೋತ್ಪಾದಕರು ಅಡ್ಡಗಟ್ಟಿ ಅವರನ್ನು ಬಿಡಿಸಿಕೊಂಡು ಹೋದರು ಎಂದು ಸೇನೆ ಹೇಳಿತು. ಅವರು ಸೇನೆಯ ವಿಚಾರಣಾ ಕೇಂದ್ರದಲ್ಲಿ ಚಿತ್ರಹಿಂಸೆಯಿಂದ ಸತ್ತರೆಂದು ಸರ್ಕಾರಿ ಕಾಗದದಲ್ಲಿ ಒಪ್ಪಿಕೊಳ್ಳಲು 2014ರ ಸತ್ಯಶೋಧನಾ ಆಯೋಗದ ವರದಿಯೇ ಬರಬೇಕಾಯಿತು. ದೇಹ ಇಂದಿಗೂ ಸಿಕ್ಕಿಲ್ಲ.

ಅಪ್ಪನನ್ನು ಒಯ್ದಾಗ ಮಗ ಮಾರ್ಸೆಲೊಗೆ ಹನ್ನೊಂದು ವರ್ಷ. ಇಪ್ಪತ್ತರ ಆಚೀಚೆ ಕೆರೆಯೊಂದಕ್ಕೆ ಧುಮುಕಿ ಕುತ್ತಿಗೆಯ ಮೂಳೆ ಮುರಿದುಕೊಂಡು ಗಾಲಿಕುರ್ಚಿ ಸೇರಿದವರು, ಆ ಅನುಭವವನ್ನೇ 1982ರಲ್ಲಿ ಪುಸ್ತಕ ಮಾಡಿ ಒಂದು ತಲೆಮಾರಿನ ಮೆಚ್ಚಿನ ಲೇಖಕರಾದರು. ಅಪ್ಪನ ಬಗ್ಗೆ ನೇರವಾಗಿ ಒಂದು ಪುಸ್ತಕ ಬರೆಯಲು ಅವರಿಗೆ 2015ರವರೆಗೆ ಕಾಲ ಬೇಕಾಯಿತು. ಬರೆಯಲು ಕೂತಾಗ ಪುಸ್ತಕ ಅಮ್ಮನದಾಯಿತು. ಯೂನಿಸ್ ಆಗ ಆಲ್ಝೈಮರ್ ಕಾಯಿಲೆಯಲ್ಲಿ ಒಂದೊಂದಾಗಿ ನೆನಪು ಕಳೆದುಕೊಳ್ಳುತ್ತಿದ್ದರು. ದೇಶ ಮರೆಯಲು ಬಯಸಿದ್ದನ್ನು ನಲವತ್ತು ವರ್ಷ ನೆನಪಿಟ್ಟುಕೊಂಡ ಹೆಂಗಸು ಈಗ ತಾನೇ ಮರೆಯುತ್ತಿದ್ದಾಳೆ, ಅವಳ ನೆನಪನ್ನು ಮಗ ಬರೆದಿಡುತ್ತಿದ್ದಾನೆ: ಪುಸ್ತಕದ ಒತ್ತಡವೆಲ್ಲ ಅಲ್ಲಿದೆ. ಅದು ಕಾಲದಲ್ಲಿ ಹಿಂದೆ ಮುಂದೆ ಜಿಗಿಯುತ್ತದೆ, ಕಾನೂನಿನ ವಿವರಕ್ಕೆ ಇಳಿಯುತ್ತದೆ, ಸಿಟ್ಟಾಗುತ್ತದೆ, ತನ್ನ ನೆನಪನ್ನೇ ಸಂಶಯಿಸುತ್ತದೆ.

ಈ ಪುಸ್ತಕವನ್ನು ಆಧರಿಸಿ ವಾಲ್ಟರ್ ಸಾಲೆಸ್ ನಿರ್ದೇಶಿಸಿದ 'ಐಯಾಮ್ ಸ್ಟಿಲ್ ಹಿಯರ್' ಚಿತ್ರದಲ್ಲಿ ಈ ಗದ್ದಲ ಹೆಚ್ಚುಕಡಿಮೆ ಇಲ್ಲ. ಮುರಿಲೊ ಹೌಸರ್ ಮತ್ತು ಹೆಯಿಟರ್ ಲೊರೆಗಾ ಬರೆದ ಚಿತ್ರಕಥೆ ಮಗನ 'ನಾನು' ಎಂಬುದನ್ನು ತೆಗೆದು, ಕ್ಯಾಮೆರಾವನ್ನು ತಾಯಿಯ ಮುಖದ ಮುಂದಿಟ್ಟು, ಕಥೆಯನ್ನು ನೇರ ಸಾಲಿನಲ್ಲಿ ನಡೆಸುತ್ತದೆ. ಮೊದಲು ಕಡಲು, ಸಂಗೀತ, ಮಕ್ಕಳ ಗಲಾಟೆ, ಮಗಳು ಸೂಪರ್ 8 ಕ್ಯಾಮೆರಾದಲ್ಲಿ ಹಿಡಿದ ಮನೆಮಂದಿಯ ನಗು. ಆಮೇಲೆ ಎಳೆದ ಪರದೆಗಳು, ಒಳಗೆ ಕೂತ ಅಪರಿಚಿತರು. ನಂತರ ಖಾಲಿಯಾಗುವ ಮನೆ. ಕೊನೆಗೆ 1996ಕ್ಕೂ 2014ಕ್ಕೂ ಎರಡು ಜಿಗಿತ. ಪುಟ್ಟ ಮಾರ್ಸೆಲೊ ಇಡೀ ಚಿತ್ರದಲ್ಲಿ ಐದು ಮಕ್ಕಳಲ್ಲಿ ಒಬ್ಬ, ಅಷ್ಟೆ. ಆತ್ಮಕಥನದ ಲೇಖಕ ತನ್ನದೇ ಕಥೆಯಲ್ಲಿ ಮೂಲೆಗೆ ಸರಿದು ನಿಂತ ಇಂಥ ಉದಾಹರಣೆ ಸಿನಿಮಾದಲ್ಲಿ ಅಪರೂಪ. 2024ರ ಸೆಪ್ಟೆಂಬರ್‌ನಲ್ಲಿ ವೆನಿಸ್ ಚಿತ್ರೋತ್ಸವ ಈ ಚಿತ್ರಕ್ಕೆ ಕೊಟ್ಟದ್ದು ಚಿತ್ರಕಥೆಯ ಪ್ರಶಸ್ತಿ. ಚಿತ್ರಕ್ಕೆ ಬಂದ ಎಲ್ಲ ಗೌರವಗಳಲ್ಲಿ ಅತ್ಯಂತ ಸರಿಯಾದ ಜಾಗಕ್ಕೆ ಬಿದ್ದದ್ದು ಅದೇ ಎಂದು ನನಗನ್ನಿಸುತ್ತದೆ. ಹೆಚ್ಚು ಸದ್ದು ಮಾಡದ್ದೂ ಅದೇ.

ವಿದೇಶಿ ವಿಮರ್ಶಕರು ಹೆಚ್ಚು ಬಳಸಿದ ಗುಣವಾಚಕ ಸಂಯಮ. ಯೂನಿಸ್ ಗೋಳಾಡುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಬಂಧನದಿಂದ ಬಂದವಳು ಸ್ನಾನದ ಮನೆಯಲ್ಲಿ ಹನ್ನೆರಡು ದಿನದ ಕೊಳೆಯನ್ನು ಉಜ್ಜಿ ತೊಳೆಯುತ್ತಾಳೆ. ಮಕ್ಕಳನ್ನು ಐಸ್‌ಕ್ರೀಂ ಅಂಗಡಿಗೆ ಕರೆದೊಯ್ದು ಸುತ್ತಲಿನ ತುಂಬು ಸಂಸಾರಗಳನ್ನು ನೋಡುತ್ತಾ ಕೂರುತ್ತಾಳೆ. ಇದನ್ನು ನಿರ್ದೇಶಕರ ಅಭಿರುಚಿ, ನಟಿಯ ಹಿಡಿತ ಎಂದು ಹೊಗಳಿದವರು ಅರ್ಧವನ್ನು ಮಾತ್ರ ಕಂಡರು. ಪತ್ರಿಕೆಯ ಛಾಯಾಗ್ರಾಹಕ ಬಂದು ಕುಟುಂಬದವರು ದುಃಖದ ಮುಖ ಮಾಡಬೇಕೆಂದಾಗ ಯೂನಿಸ್ ಒಪ್ಪದೆ ಮಕ್ಕಳಿಗೆ ನಗಿರೆಂದು ಹೇಳುವ ದೃಶ್ಯವಿದೆ. ಅಳುವ ವಿಧವೆಯ ಚಿತ್ರ ಆಳುವವರಿಗೆ ಅನುಕೂಲ: ಗಂಡ ಸತ್ತ ಎಂದು ಹೆಂಡತಿಯೇ ಒಪ್ಪಿಕೊಂಡಂತಾಗುತ್ತದೆ, ಕಡತ ಮುಚ್ಚುತ್ತದೆ. ನಗುವ ಕುಟುಂಬ ಲೆಕ್ಕ ಕೇಳುತ್ತಲೇ ಇರುತ್ತದೆ. ಸಂಯಮ ಆ ಹೆಂಗಸಿನ ರಾಜಕೀಯ ತಂತ್ರ. ಚಿತ್ರ ಅದನ್ನು ಆತ್ಮಕಥನದಿಂದ ಎತ್ತಿಕೊಂಡಿದೆ. ಶೈಲಿ ಎಂದು ಅದಕ್ಕೆ ಅಂಕ ಕೊಡುವಾಗ ಅದರ ಬೆಲೆ ತೆತ್ತವರು ಯಾರೆಂಬುದು ಮರೆಯಾಗುತ್ತದೆ.

ಎಲ್ಲರೂ ಹೊಗಳಿದರೆಂದೂ ಅಲ್ಲ. ಫ್ರಾನ್ಸಿನ 'ಲ ಮೋಂದ್' ಪತ್ರಿಕೆಯ ವಿಮರ್ಶೆ ಟೊರೆಸ್ ಅವರ ಅಭಿನಯ ಏಕಸ್ವರದ್ದೆಂದು ಕಠಿಣವಾಗಿ ಬರೆಯಿತು. ಬ್ರೆಜಿಲಿನ ಅಭಿಮಾನಿಗಳು ಆ ಪತ್ರಿಕೆಯ ಸಾಮಾಜಿಕ ಜಾಲತಾಣದ ಪುಟಗಳಿಗೆ ನುಗ್ಗಿದರು. ಫುಟ್‌ಬಾಲ್ ವಿಶ್ವಕಪ್ಪಿನ ಉನ್ಮಾದ ಚಿತ್ರವಿಮರ್ಶೆಗೆ ಹರಿದುಬಂದರೆ ಏನಾಗಬಹುದೋ ಅದೇ ಆಯಿತು. ಆ ವಿಮರ್ಶೆಯನ್ನು ನಾನು ಒಪ್ಪುವುದಿಲ್ಲ. ಆದರೆ ಪ್ರಶಸ್ತಿಯ ಓಟದಲ್ಲಿರುವ ಚಿತ್ರದ ಬಗ್ಗೆ ವಿಮರ್ಶಕ ಬಾಯಿಬಿಟ್ಟರೆ ದೇಶದ್ರೋಹದ ವಾಸನೆ ಹುಡುಕುವ ಚಟ ನಮಗೂ ಗೊತ್ತಿರುವುದೇ. ಒಂದು ಚಿತ್ರವನ್ನು ರಾಷ್ಟ್ರೀಯ ತಂಡದ ಅಂಗಿ ತೊಡಿಸಿ ಕಣಕ್ಕಿಳಿಸಿದ ಮೇಲೆ ಅದರ ಕೊರತೆಗಳನ್ನು ಚರ್ಚಿಸುವುದು ಸ್ವಂತ ದೇಶದಲ್ಲೇ ಕಷ್ಟವಾಗುತ್ತದೆ. ಅಂಥ ಒಂದು ಕೊರತೆಗೆ ಮುಂದೆ ಬರುತ್ತೇನೆ.

ಅದಕ್ಕೂ ಮೊದಲು ಇನ್ನೊಂದು ಬ್ರೆಜಿಲ್ ಚಿತ್ರವನ್ನು ಪಕ್ಕದಲ್ಲಿಡಬೇಕು. ಪ್ರಶಸ್ತಿಗೂ ಸಾಕ್ಷ್ಯಕ್ಕೂ ಇರುವ ಅಂತರ ಅಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. 1969ರ ಸೆಪ್ಟೆಂಬರ್‌ನಲ್ಲಿ ಸರ್ವಾಧಿಕಾರದ ವಿರುದ್ಧ ಶಸ್ತ್ರ ಹಿಡಿದಿದ್ದ ಯುವಕರ ಗುಂಪು ರಿಯೊದಲ್ಲಿ ಅಮೆರಿಕದ ರಾಯಭಾರಿ ಚಾರ್ಲ್ಸ್ ಎಲ್ಬ್ರಿಕ್ ಅವರನ್ನು ಅಪಹರಿಸಿ, ಹದಿನೈದು ರಾಜಕೀಯ ಕೈದಿಗಳ ಬಿಡುಗಡೆಗೆ ಬದಲಾಗಿ ಬಿಟ್ಟುಕೊಟ್ಟಿತು. ಆ ಗುಂಪಿನಲ್ಲಿದ್ದ ಪತ್ರಕರ್ತ ಫರ್ನಾಂಡೊ ಗಬೇರಾ ಗಡೀಪಾರಿನಿಂದ ಮರಳಿ 1979ರಲ್ಲಿ ನೆನಪಿನ ಪುಸ್ತಕ ಬರೆದರು. ಅದು ಬಿಸಿಬಿಸಿಯಾಗಿ ಮಾರಾಟವಾಯಿತು. ಬ್ರೂನೊ ಬಾರೆಟೊ 1997ರಲ್ಲಿ ಅದನ್ನು ಚಿತ್ರ ಮಾಡಿದರು. ಹೊರದೇಶಗಳಲ್ಲಿ ಅದು 'ಫೋರ್ ಡೇಸ್ ಇನ್ ಸೆಪ್ಟೆಂಬರ್' ಎಂದು ಓಡಿತು. ಬರ್ಲಿನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಯಿತು, 1998ರಲ್ಲಿ ಆಸ್ಕರ್ ನಾಮನಿರ್ದೇಶನವನ್ನೂ ಪಡೆಯಿತು. ಇದೇ ಫರ್ನಾಂಡಾ ಟೊರೆಸ್ ಅದರಲ್ಲಿ ಗುಂಪಿನ ನಾಯಕಿಯೊಬ್ಬಳಾಗಿ ನಟಿಸಿದ್ದರು.

ಹೊರಗಿನ ಕಣ್ಣಿಗೆ ಎರಡೂ ಒಂದೇ ಜಾತಿಯ ಚಿತ್ರಗಳು. ಅದೇ ಸರ್ವಾಧಿಕಾರ, ಅದೇ ರಿಯೊ, ಅದೇ ನಟಿ, ಎರಡೂ ಆತ್ಮಕಥನ, ಎರಡಕ್ಕೂ ಆಸ್ಕರ್ ಬಾಗಿಲು ತೆರೆದಿತ್ತು. ಊರಿನಲ್ಲಿ ಮಾತ್ರ ಬಾರೆಟೊ ಚಿತ್ರಕ್ಕೆ ಸಿಕ್ಕ ಸ್ವಾಗತ ಬೇರೆ ಬಗೆಯದು. ಅಪಹರಣದ ಪ್ರಕಟಣೆಯನ್ನು ವಾಸ್ತವದಲ್ಲಿ ಬರೆದವರು ಗುಂಪಿನ ಇನ್ನೊಬ್ಬ ಸದಸ್ಯ ಫ್ರಾಂಕ್ಲಿನ್ ಮಾರ್ಟಿನ್ಸ್. ಚಿತ್ರದಲ್ಲಿ ಅದನ್ನು ಬರೆಯುವುದು ಗಬೇರಾ ಪಾತ್ರ. ಚಿತ್ರಹಿಂಸೆ ಕೊಡುವ ಅಧಿಕಾರಿಗೆ ಚಿತ್ರ ಮನಸ್ಸಾಕ್ಷಿಯ ಕಾಟವನ್ನು ಕೊಟ್ಟಿತು. ಇವೆಲ್ಲಕ್ಕಿಂತ ಕೆಟ್ಟದ್ದು 'ಜೋನಾಸ್' ಎಂಬ ಪಾತ್ರದ ಚಿತ್ರಣ. ಜೋನಾಸ್ ಎಂಬುದು ಅಪಹರಣದ ನೇತೃತ್ವ ವಹಿಸಿದ್ದ ವರ್ಜಿಲಿಯೊ ಗೋಮೆಸ್ ದ ಸಿಲ್ವಾ ಅವರ ನಿಜವಾದ ಗುಪ್ತನಾಮ. ಈಶಾನ್ಯ ಬ್ರೆಜಿಲಿನ ಬಡತನದಿಂದ ಸಾವೊ ಪಾವ್ಲೊಗೆ ವಲಸೆ ಬಂದ, ರಾಸಾಯನಿಕ ಕಾರ್ಖಾನೆ ಕಾರ್ಮಿಕರ ಸಂಘದಲ್ಲಿ ಕೆಲಸ ಮಾಡಿದ ಮನುಷ್ಯ. ಅಪಹರಣ ನಡೆದ ತಿಂಗಳಿನಲ್ಲೇ ಅವರನ್ನು ಹಿಡಿದು ಚಿತ್ರಹಿಂಸೆ ಕೊಟ್ಟು ಕೊಂದರು. ಅವರ ದೇಹವನ್ನೂ ಮನೆಯವರಿಗೆ ಕೊಡಲಿಲ್ಲ. ಚಿತ್ರದಲ್ಲಿ ಆ ಹೆಸರಿನವನು ಸಂಗಾತಿಗಳನ್ನೇ ಕೊಲ್ಲುವ ಬೆದರಿಕೆ ಹಾಕುವ ಒರಟ. ಬದುಕುಳಿದ ಸಂಗಾತಿಗಳೂ ಇತಿಹಾಸಕಾರರೂ ಸೇರಿ ಚಿತ್ರದ ವಿರುದ್ಧ ಲೇಖನಗಳ ಒಂದು ಪುಸ್ತಕವನ್ನೇ ಆ ವರ್ಷ ಹೊರತಂದರು.

ಥ್ರಿಲ್ಲರ್ ಆಗಿ ಬಾರೆಟೊ ಚಿತ್ರ ಬಿಗಿಯಾಗಿದೆ. ಆಸ್ಕರ್ ಸದಸ್ಯರಿಗೆ ಅದು ಇಷ್ಟವಾದದ್ದರಲ್ಲಿ ಮೋಸವಿಲ್ಲ: ಜೋನಾಸ್ ಎಂಬುದು ಅವರ ಪಾಲಿಗೆ ಒಂದು ಪಾತ್ರದ ಹೆಸರು. ಸಾವೊ ಪಾವ್ಲೊದ ಒಂದು ಮನೆಯಲ್ಲಿ ಅದು ಅಪ್ಪನ ಹೆಸರು. ಒಂದೇ ಚಿತ್ರದ ಎರಡು ಓದುಗಳಲ್ಲಿ ಒಂದಕ್ಕೆ ಮಾತ್ರ ಪ್ರಶಸ್ತಿ ಕೊಡುವ ವ್ಯವಸ್ಥೆ ಇದೆ. ಗಮನಿಸಬೇಕಾದ ಇನ್ನೊಂದು ಸಂಗತಿ: ಬಾರೆಟೊ ಚಿತ್ರದಲ್ಲಿ ಆತ್ಮಕಥನದ 'ನಾನು' ಉಬ್ಬಿತು, ಅಕ್ಕಪಕ್ಕದವರು ಕುಗ್ಗಿದರು. ಸಾಲೆಸ್ ಚಿತ್ರದಲ್ಲಿ 'ನಾನು' ಕುಗ್ಗಿ ತಾಯಿ ಬೆಳೆದಳು. ಆತ್ಮಕಥನವನ್ನು ತೆರೆಗೆ ತರುವವರು ಮೂಲಕ್ಕೆ ನಿಷ್ಠರಾಗಿದ್ದಾರೆಯೇ ಎಂಬ ಹಳೆಯ ಪ್ರಶ್ನೆಗಿಂತ, ಲೇಖಕನಲ್ಲದ ಉಳಿದವರನ್ನು ಹೇಗೆ ನಡೆಸಿಕೊಂಡಿದ್ದಾರೆ ಎಂಬ ಪ್ರಶ್ನೆ ನನಗೆ ಹೆಚ್ಚು ಉಪಯುಕ್ತ. ಬರೆದವನು ತನ್ನನ್ನು ತಾನು ಕಾಪಾಡಿಕೊಳ್ಳಬಲ್ಲ. ಅವನ ಪುಸ್ತಕದಲ್ಲಿ ಸಿಕ್ಕಿಬಿದ್ದವರಿಗೆ, ಅದರಲ್ಲೂ ಸತ್ತವರಿಗೆ, ಆ ಅವಕಾಶವಿಲ್ಲ.

ಇನ್ನು ಆಸ್ಕರ್ ವಿಚಾರ. 2025ರ ಮಾರ್ಚ್ 2ರ ರಾತ್ರಿ ಬ್ರೆಜಿಲಿನಲ್ಲಿ ಕಾರ್ನಿವಲ್ ನಡೆದಿತ್ತು. 'ಐಯಾಮ್ ಸ್ಟಿಲ್ ಹಿಯರ್' ಅಂತರರಾಷ್ಟ್ರೀಯ ಚಿತ್ರದ ಪ್ರಶಸ್ತಿ ಗೆದ್ದಿತು. ಬ್ರೆಜಿಲಿಗೆ ಆ ವಿಭಾಗದಲ್ಲಿ ಅದೇ ಮೊದಲ ಗೆಲುವು. ಅತ್ಯುತ್ತಮ ಚಿತ್ರದ ಪಟ್ಟಿಯಲ್ಲೂ ಅದಿತ್ತು, ಅಲ್ಲಿ 'ಅನೋರಾ' ಗೆದ್ದಿತು. ನಟಿಯ ಪ್ರಶಸ್ತಿಯೂ 'ಅನೋರಾ'ದ ಮೈಕಿ ಮ್ಯಾಡಿಸನ್ ಪಾಲಾಯಿತು. ಟೊರೆಸ್ ಅವರ ತಾಯಿ ಫರ್ನಾಂಡಾ ಮೊಂಟೆನೆಗ್ರೊ ಇದೇ ಸಾಲೆಸ್ ಅವರ 'ಸೆಂಟ್ರಲ್ ಸ್ಟೇಷನ್' ಚಿತ್ರಕ್ಕಾಗಿ 1999ರಲ್ಲಿ ಅದೇ ಪ್ರಶಸ್ತಿಯನ್ನು ಗ್ವಿನೆತ್ ಪ್ಯಾಲ್ಟ್ರೊಗೆ ಬಿಟ್ಟುಕೊಟ್ಟಿದ್ದರು. ಈ ಚಿತ್ರದ ಕೊನೆಯಲ್ಲಿ ಮುದಿ ಯೂನಿಸ್ ಆಗಿ, ಒಂದು ಮಾತೂ ಆಡದೆ, ಟಿವಿಯಲ್ಲಿ ಗಂಡನ ಫೋಟೊ ಕಂಡಾಗ ಕಣ್ಣಿನಲ್ಲಿ ಮಿಂಚುವ ಗುರುತನ್ನಷ್ಟೇ ಕೊಡುವವರು ಅವರೇ. ಇದು ಪತ್ರಿಕೆಗಳಿಗೆ ಹಬ್ಬದೂಟವಾಯಿತು. ತಾಯಿಯ ಸೋಲಿಗೆ ಮಗಳ ಸೇಡು ಎಂಬ ಕಥೆ ಕೆಲವು ವಾರ ಮೂಲ ಕಥೆಯನ್ನೇ ಹಿಂದಕ್ಕೆ ತಳ್ಳಿತು.

ಪ್ರಶಸ್ತಿಯ ಗಣಿತ ಎಷ್ಟು ಆಕಸ್ಮಿಕ ಎಂಬುದಕ್ಕೂ ಆ ವರ್ಷ ಒಳ್ಳೆಯ ಪಾಠ. ಅಂತರರಾಷ್ಟ್ರೀಯ ವಿಭಾಗದಲ್ಲಿ ಮುಂಚೂಣಿಯಲ್ಲಿದ್ದದ್ದು 13 ನಾಮನಿರ್ದೇಶನ ಪಡೆದಿದ್ದ 'ಎಮಿಲಿಯಾ ಪೆರೆಸ್'. ಅದರ ನಾಯಕಿಯ ಹಳೆಯ ಟ್ವೀಟ್‌ಗಳು ಜನವರಿ ಕೊನೆಗೆ ಹೊರಬಿದ್ದು ಆ ಚಿತ್ರದ ಪ್ರಚಾರ ಕುಸಿಯಿತು. ಹಾಗಾಗದಿದ್ದರೆ ಬ್ರೆಜಿಲ್ ಗೆಲ್ಲುತ್ತಿತ್ತೇ? ಯಾರೂ ಹೇಳಲಾರರು. ಆದರೆ ಗೆಲ್ಲದಿದ್ದರೂ ಯೂನಿಸ್ ಪೈವಾ ಮಾಡಿದ ಕೆಲಸದ ತೂಕ ಒಂದು ಗುಂಜಿಯೂ ಕಡಿಮೆಯಾಗುತ್ತಿರಲಿಲ್ಲ. ಇಷ್ಟು ಸರಳವಾದ ಮಾತನ್ನು ಪ್ರಶಸ್ತಿಯ ಋತುವಿನಲ್ಲಿ ಜೋರಾಗಿ ಹೇಳಬೇಕಾಗುತ್ತದೆ.

ಮುಖ್ಯವಾದದ್ದು ಘಟನೆಗಳ ಅನುಕ್ರಮ. ಹೊರಗಿನವರು ಮೆಚ್ಚಿದ ಮೇಲೆ ಮನೆಯವರು ತಿರುಗಿ ನೋಡುವುದು ನಮ್ಮಂಥ ದೇಶಗಳ ರೂಢಿ. ಬ್ರೆಜಿಲಿನಲ್ಲಿ ಹಾಗಾಗಲಿಲ್ಲ. ಚಿತ್ರ 2024ರ ನವೆಂಬರ್ 7ಕ್ಕೆ ಬಿಡುಗಡೆಯಾಯಿತು. ಬಲಪಂಥೀಯರ ಒಂದು ವರ್ಗ ಬಹಿಷ್ಕಾರಕ್ಕೆ ಕರೆ ಕೊಟ್ಟರೂ ಜನ ಚಿತ್ರಮಂದಿರಗಳಿಗೆ ಬಂದರು. ಅಜ್ಜಿಯರು ಮೊಮ್ಮಕ್ಕಳನ್ನು ಕರೆತಂದರು. ಗೋಲ್ಡನ್ ಗ್ಲೋಬ್ ಬರುವ ಹೊತ್ತಿಗಾಗಲೇ 30 ಲಕ್ಷದ ಆಸುಪಾಸು ಜನ ನೋಡಿದ್ದರು, ಕೊನೆಗೆ ಆ ಸಂಖ್ಯೆ 50 ಲಕ್ಷ ದಾಟಿತು. ಅದೇ ನವೆಂಬರ್‌ನಲ್ಲಿ, 2022ರ ಚುನಾವಣೆಯ ನಂತರ ಕ್ಷಿಪ್ರಕ್ರಾಂತಿಗೆ ಸಂಚು ಹೂಡಿದ ಆರೋಪವನ್ನು ಪೊಲೀಸರು ಮಾಜಿ ಅಧ್ಯಕ್ಷ ಬೋಲ್ಸೊನಾರೊ ಮೇಲೆ ಅಧಿಕೃತವಾಗಿ ಹೊರಿಸಿದ್ದರು. 2014ರಲ್ಲಿ ಸಂಸತ್ ಭವನದಲ್ಲಿ ರೂಬೆನ್ಸ್ ಪೈವಾ ಪ್ರತಿಮೆ ಅನಾವರಣಗೊಂಡಾಗ, ಆಗ ಸಂಸದರಾಗಿದ್ದ ಇದೇ ಬೋಲ್ಸೊನಾರೊ ಅದಕ್ಕೆ ಉಗುಳಿದ್ದನ್ನು ಪೈವಾ ಕುಟುಂಬ ಮರೆತಿಲ್ಲ. ಚಿತ್ರಮಂದಿರದಲ್ಲಿ ಕೂತವರು 1971ನ್ನು ನೋಡುತ್ತಾ ತಮ್ಮ ಮೊಬೈಲಿನಲ್ಲಿ ಬಂದ ಅಂದಿನ ಸುದ್ದಿಯನ್ನೂ ಓದುತ್ತಿದ್ದರು. ಕಾಲ ಕೂಡಿಬಂದದ್ದಕ್ಕೆ ಚಿತ್ರದ ಜನಪ್ರಿಯತೆಯಲ್ಲಿ ಪಾಲಿದೆ, ಒಪ್ಪಬೇಕು.

ಆ ಡಿಸೆಂಬರ್‌ನಲ್ಲಿ ಬ್ರೆಜಿಲಿನ ರಾಷ್ಟ್ರೀಯ ನ್ಯಾಯ ಮಂಡಳಿ ಎಲ್ಲ ನೋಂದಣಿ ಕಚೇರಿಗಳಿಗೆ ಆದೇಶ ಕೊಟ್ಟಿತು: ಸತ್ಯಶೋಧನಾ ಆಯೋಗ ಪಟ್ಟಿ ಮಾಡಿದ 434 ಮಂದಿಯಲ್ಲಿ 202 ಜನರ ಮರಣ ಪ್ರಮಾಣಪತ್ರಗಳನ್ನು ತಿದ್ದಬೇಕು, ಕಾಣೆಯಾದ 232 ಜನರಿಗೆ ಹೊಸದಾಗಿ ಕೊಡಬೇಕು. ಸಿನಿಮಾ ಬಂತು, ಆದೇಶ ಬಂತು ಎಂದು ಗಂಟುಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಈ ದಾರಿ ದಶಕಗಳದ್ದು. ನಡುವಯಸ್ಸಿನಲ್ಲಿ ಕಾನೂನು ಓದಿ ವಕೀಲೆಯಾದ ಯೂನಿಸ್ ಮತ್ತು ಅವರಂಥ ಕುಟುಂಬದವರ ಹೋರಾಟದಿಂದಲೇ 1995ರಲ್ಲಿ ಕಾಣೆಯಾದವರನ್ನು ಮೃತರೆಂದು ಒಪ್ಪುವ ಕಾಯ್ದೆ ಬಂತು. 1996ರಲ್ಲಿ ಯೂನಿಸ್ ಕೈಗೆ ಬಂದ ಮೊದಲ ಡೆತ್ ಸರ್ಟಿಫಿಕೇಟಿನಲ್ಲಿ ಕೊಂದವರು ಯಾರೆಂಬ ಮಾತಿರಲಿಲ್ಲ. ರಾಜಕೀಯ ಸಾವುಗಳ ವಿಶೇಷ ಆಯೋಗವನ್ನು ಬೋಲ್ಸೊನಾರೊ ಸರ್ಕಾರ ಅಧಿಕಾರ ಬಿಡುವ ಮುನ್ನ ರದ್ದು ಮಾಡಿತ್ತು, 2024ರಲ್ಲಿ ಲೂಲಾ ಸರ್ಕಾರ ಮತ್ತೆ ಕೂರಿಸಿತು. ಚಿತ್ರ ಇವುಗಳಲ್ಲಿ ಯಾವುದನ್ನೂ ಹುಟ್ಟುಹಾಕಲಿಲ್ಲ. ಕಾನೂನಿನವರು ಮಾತ್ರ ಬಲ್ಲ ವಿಷಯವನ್ನು ಬೀದಿಯ ಮಾತಾಗಿಸಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ಲಾವಿಯೊ ಡಿನೊ ಆ ಡಿಸೆಂಬರ್‌ನಲ್ಲೇ, ಸರ್ವಾಧಿಕಾರದ ಕಾಲದ ರಾಜಕೀಯ ಅಪರಾಧಗಳನ್ನು ಮನ್ನಿಸಿದ ಕ್ಷಮಾದಾನ ಕಾಯ್ದೆಗೆ ಸಂಬಂಧಿಸಿದ ಪ್ರಕರಣದಲ್ಲಿ ಈ ಚಿತ್ರವನ್ನು ಹೆಸರಿಸಿದರು. ಶವವನ್ನು ಬಚ್ಚಿಟ್ಟ ಅಪರಾಧ ಶವ ಸಿಗುವವರೆಗೂ ಮುಂದುವರಿಯುತ್ತಲೇ ಇರುತ್ತದೆ, ಹಾಗಾದರೆ 1979ರ ಕ್ಷಮಾದಾನ ಅದಕ್ಕೆ ಹೇಗೆ ಅನ್ವಯಿಸುತ್ತದೆ ಎಂಬುದು ಅಲ್ಲಿನ ಪ್ರಶ್ನೆ. ರೂಬೆನ್ಸ್ ಪೈವಾ ಕೊಲೆಯಲ್ಲಿ 2014ರಲ್ಲಿ ಐವರು ಮಾಜಿ ಸೇನಾಧಿಕಾರಿಗಳ ಮೇಲೆ ಹೂಡಿದ ಮೊಕದ್ದಮೆ ನಿಂತುಹೋದದ್ದು ಇದೇ ಕಾಯ್ದೆಯ ಕಾರಣದಿಂದ.

ನೆರೆಯ ಅರ್ಜೆಂಟೀನಾದಲ್ಲಿ ಕ್ರಮವೇ ಬೇರೆಯಿತ್ತು. ಅಲ್ಲಿ 1985ರಲ್ಲಿ ಸೇನಾ ಜನರಲ್‌ಗಳನ್ನು ಕಟಕಟೆಗೆ ನಿಲ್ಲಿಸಿದರು. ಅದೇ ವರ್ಷ ತೆರೆಕಂಡ, ಕಾಣೆಯಾದವರ ಮಕ್ಕಳ ಕುರಿತ 'ದಿ ಅಫಿಷಿಯಲ್ ಸ್ಟೋರಿ' ಮರುವರ್ಷ ಆಸ್ಕರ್ ಪಡೆಯಿತು. ಅದು ಕಾಲ್ಪನಿಕ ಕಥೆ, ಹಾಗಿರಲು ಅಡ್ಡಿಯಿರಲಿಲ್ಲ: ನಿಜ ಹೆಸರುಗಳು ನ್ಯಾಯಾಲಯದಲ್ಲಿ ದಿನಾ ಕೇಳಿಬರುತ್ತಿದ್ದವು. ಬ್ರೆಜಿಲಿನಲ್ಲಿ ಅಂಥ ವಿಚಾರಣೆಯೇ ನಡೆಯಲಿಲ್ಲ. ನ್ಯಾಯಾಲಯ ಹೇಳದ ಹೆಸರನ್ನು ಸಿನಿಮಾ ಹೇಳಬೇಕಾಗಿ ಬಂದಲ್ಲಿ ಆತ್ಮಕಥನಕ್ಕೆ ಕಾದಂಬರಿಗಿಲ್ಲದ ಬಲ ಬರುತ್ತದೆ.

ಇದನ್ನು ಬರೆಯುವಾಗ ಮಲಯಾಳಂನ 'ಪಿರವಿ' ಚಿತ್ರ ನೆನಪಾಗದೆ ಇರುವುದಿಲ್ಲ. 1976ರ ಮಾರ್ಚ್‌ನಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ, ಕಲ್ಲಿಕೋಟೆಯ ರೀಜನಲ್ ಎಂಜಿನಿಯರಿಂಗ್ ಕಾಲೇಜಿನಿಂದ ರಾಜನ್ ಎಂಬ ವಿದ್ಯಾರ್ಥಿಯನ್ನು ಪೊಲೀಸರು ಕಕ್ಕಯಂ ಶಿಬಿರಕ್ಕೆ ಒಯ್ದರು. ಅವನೂ ಮರಳಲಿಲ್ಲ, ಅವನ ದೇಹವೂ ಸಿಗಲಿಲ್ಲ. ತಂದೆ ಈಚರ ವಾರಿಯರ್ 1977ರಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿ, ಆಗಷ್ಟೇ ಮುಖ್ಯಮಂತ್ರಿಯಾಗಿದ್ದ ಕೆ. ಕರುಣಾಕರನ್ ರಾಜೀನಾಮೆ ಕೊಡುವಂತೆ ಮಾಡಿದರು. ಆ ಘಟನೆಯ ನೆರಳಿನಲ್ಲಿ ಶಾಜಿ ಎನ್. ಕರುಣ್ 'ಪಿರವಿ' ಮಾಡಿದರು. 1988ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂತು, ನಿರ್ದೇಶನಕ್ಕೂ ಮುದಿ ತಂದೆಯಾಗಿ ನಟಿಸಿದ ಪ್ರೇಮ್‌ಜಿಗೂ ಬಂತು. 1989ರಲ್ಲಿ ಕಾನ್ ಚಿತ್ರೋತ್ಸವದ ಕ್ಯಾಮೆರಾ ಡಿ'ಓರ್ ವಿಶೇಷ ಉಲ್ಲೇಖವೂ ಸಿಕ್ಕಿತು. ಮಳೆಯಲ್ಲಿ ದಿನವೂ ಬಸ್ಸಿಗೆ ಕಾಯುವ ಆ ಮುದುಕನನ್ನು ಕಂಡವರು ಮರೆಯುವುದು ಕಷ್ಟ. ಕಲೆಯಾಗಿ 'ಪಿರವಿ' ಸಾಲೆಸ್ ಚಿತ್ರಕ್ಕಿಂತ ಒಂದು ಕೈ ಮೇಲೆಂದೇ ನನ್ನ ಲೆಕ್ಕ. ಆದರೆ ಅದರಲ್ಲಿ ರಾಜನ್ ಇಲ್ಲ, ಕಕ್ಕಯಂ ಇಲ್ಲ. ತಂದೆ ವಾರಿಯರ್ ಅಲ್ಲ, ಚಾಕ್ಯಾರ್. ದುಃಖ ಎಷ್ಟು ಸಾರ್ವತ್ರಿಕವಾಯಿತೆಂದರೆ ಅದಕ್ಕೆ ಪ್ರಶಸ್ತಿ ಕೊಡಲು ಯಾವ ಸರ್ಕಾರಕ್ಕೂ ಮುಜುಗರವಾಗುವಂತಿರಲಿಲ್ಲ. ವಾರಿಯರ್ ತಮ್ಮದೇ ನೆನಪಿನ ಪುಸ್ತಕ ಬರೆದದ್ದು ಇದಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ. ಮಗನ ಹೆಸರು, ಭೇಟಿಯಾದ ಅಧಿಕಾರಿಗಳ ಹೆಸರು, ಹತ್ತಿದ ಮೆಟ್ಟಿಲು ಎಲ್ಲವೂ ಅದರಲ್ಲಿವೆ.

ನಮ್ಮಲ್ಲೂ ಅಂಥ ಬರಹ ಇದೆ. 1970ರ ರಾಷ್ಟ್ರಪ್ರಶಸ್ತಿ ಪಡೆದ 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ಅವರನ್ನು ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಆಸ್ತಮಾದಿಂದ ಬಳಲಿದ ಅವರು ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಜೈಲಿನಲ್ಲಿ ಬರೆದ ಡೈರಿ ಸಾವಿನ ನಂತರ ಪ್ರಕಟವಾಯಿತು. ಚಂದ್ರಿ ಎಂದರೆ ಇಂದಿನ ಸಿನಿಮಾ ಪ್ರಿಯರಿಗೆ ಥಟ್ಟನೆ ನೆನಪಾಗುತ್ತದೆ. ಆ ಡೈರಿಯನ್ನು ಓದಿದವರು ಕಡಿಮೆ.

ಈ ವಾದಕ್ಕೆ ಬರಬಹುದಾದ ಆಕ್ಷೇಪ ಒಂದಿದೆ, ಹಗುರವಾದದ್ದೂ ಅಲ್ಲ. ಪರಿಣಾಮದಿಂದ ಕಲೆಯನ್ನು ಅಳೆಯಹೊರಟರೆ ಸಾಧಾರಣ ಚಿತ್ರವೊಂದು ಸರಿಯಾದ ಕಾಲದಲ್ಲಿ ಬಂದ ಮಾತ್ರಕ್ಕೆ ದೊಡ್ಡದಾಗಿಬಿಡುವುದಿಲ್ಲವೇ? ಆಗಬಹುದು. ಅದಕ್ಕೇ ಎರಡು ತೀರ್ಪುಗಳನ್ನು ಬೆರೆಸಬಾರದು. ಮೊದಲ ತೀರ್ಪಿನಲ್ಲಿ ಸಾಲೆಸ್ ಚಿತ್ರಕ್ಕೆ ನನ್ನ ತಕರಾರಿದೆ: 1971ರ ಭಾಗಕ್ಕೆ ಕೊಟ್ಟ ತಾಳ್ಮೆಯನ್ನು ಅದು ನಂತರದ ನಲವತ್ತು ವರ್ಷಗಳಿಗೆ ಕೊಡುವುದಿಲ್ಲ. ಕಾನೂನು ಓದಿದ ಯೂನಿಸ್, ಆದಿವಾಸಿಗಳ ಭೂಮಿಯ ಹಕ್ಕಿಗಾಗಿ ವಾದಿಸಿದ ಯೂನಿಸ್ ಕೆಲವೇ ನಿಮಿಷಗಳಲ್ಲಿ ಸರಿದುಹೋಗುತ್ತಾರೆ. ತೆರೆಯ ಮೇಲೆ ಕಾಯುವ ಹೆಂಡತಿ ಚೆನ್ನಾಗಿ ಕಾಣುತ್ತಾಳೆ, ಕಡತ ಹಿಡಿದು ಓಡಾಡುವ ವಕೀಲೆಯನ್ನು ಕಾಣಿಸುವುದು ಕಷ್ಟ. ನಟನೆಗೆ ಸಿಗುವ ಪ್ರಶಸ್ತಿಗಳು ಈ ಆಯ್ಕೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ.

ಬ್ರೆಜಿಲಿನ ಒಳಗಿನಿಂದಲೇ ಬಂದ ಟೀಕೆ ಇನ್ನೂ ಮುಂದೆ ಹೋಗುತ್ತದೆ. ಪೈವಾ ಕುಟುಂಬ ಬಿಳಿಯರದು, ಉಳ್ಳವರದು, ಕಡಲ ಬದಿಯ ಮನೆಯದು. ಹದಿಹರೆಯದಲ್ಲಿ ಆ ಮನೆಗೆ ಹೋಗಿಬರುತ್ತಿದ್ದ ನಿರ್ದೇಶಕ ಸಾಲೆಸ್ ಸ್ವತಃ ದೊಡ್ಡ ಬ್ಯಾಂಕರ್ ಒಬ್ಬರ ಮಗ. ಮನೆಗೆಲಸದ ಜೇಜೆ ಚಿತ್ರದಲ್ಲಿ ಸಂಬಳ ಕೊಡಲಾಗದೆ ಬಿಡಿಸಿದ ಮೇಲೆ ಕಥೆಯಿಂದಲೇ ಹೊರಟುಹೋಗುತ್ತಾಳೆ. ಫವೇಲಾ ಎಂಬ ಕೊಳೆಗೇರಿಗಳ ಕಪ್ಪು ಜನರಿಗೆ ಪೊಲೀಸ್ ಹಿಂಸೆ ಸೇನಾಡಳಿತದೊಂದಿಗೆ 1964ರಲ್ಲಿ ಶುರುವಾದದ್ದೂ ಅಲ್ಲ, ಅದರೊಂದಿಗೆ 1985ರಲ್ಲಿ ಮುಗಿದದ್ದೂ ಅಲ್ಲ. ಪ್ರೇಕ್ಷಕರು ಇಷ್ಟು ಬೇಗ ಮರುಗಿದ್ದು ಆ ಮನೆಯ ಸೋಫಾ, ಗ್ರಾಮಫೋನ್ ತಟ್ಟೆಗಳು ತಮ್ಮವೇ ಎನ್ನಿಸಿದ್ದರಿಂದಲೂ ಇರಬೇಕು ಎನ್ನುವವರ ಮಾತನ್ನು ಸುಮ್ಮನೆ ತಳ್ಳಿಹಾಕಲಾಗದು. ಆತ್ಮಕಥನ ಬರೆಯಲು ಒಬ್ಬ ಲೇಖಕ ಮಗ ಬೇಕು, ಉಳಿದ ಫೋಟೊಗಳು ಬೇಕು, ನೆನಪನ್ನು ಕಾದಿಡಲು ಒಂದು ಮನೆ ಬೇಕು. ಚಿತ್ರ ಆಗಬೇಕಾದರೆ ಆ ಪುಸ್ತಕ ಬೇಕು, ಪ್ರಶಸ್ತಿ ಬರಬೇಕಾದರೆ ಆ ಚಿತ್ರ ಬೇಕು. ವರ್ಜಿಲಿಯೊ ಗೋಮೆಸ್ ದ ಸಿಲ್ವಾರ ಕಥೆ ಜಗತ್ತನ್ನು ತಲುಪಿದ್ದು ಬೇರೊಬ್ಬರ ಆತ್ಮಕಥನದ ಮೂಲಕ, ಅದೂ ತಿರುಚಿಕೊಂಡು.

ಸತ್ಯಶೋಧನಾ ಆಯೋಗದ ವರದಿಯಲ್ಲಿ ಇನ್ನೊಂದು ಸಂಖ್ಯೆ ಇದೆ: ಆ ಕಾಲದಲ್ಲಿ ಪ್ರಭುತ್ವದ ಕೃತ್ಯದಿಂದಲೋ ನಿರ್ಲಕ್ಷ್ಯದಿಂದಲೋ ಸತ್ತ ಆದಿವಾಸಿಗಳು ಕನಿಷ್ಠ 8,350. ಯೂನಿಸ್ ವಾದಿಸಿದ್ದೂ ಇಂಥ ಆದಿವಾಸಿ ಸಮುದಾಯಗಳ ಪರವಾಗಿಯೇ. ಅವರನ್ನು 434ರ ಅಧಿಕೃತ ಪಟ್ಟಿಗೆ ಸೇರಿಸಲಿಲ್ಲ. ವರದಿಯ ಇನ್ನೊಂದು ಸಂಪುಟದ ಅಧ್ಯಾಯವೊಂದರಲ್ಲಿ ಅಂದಾಜಾಗಿ ಇಟ್ಟರು. 2024ರ ಡಿಸೆಂಬರ್‌ನ ಆದೇಶದ ಪ್ರಕಾರ ನೋಂದಣಿ ಕಚೇರಿಗಳು ತಿದ್ದಬೇಕಾದದ್ದು, ಹೊಸದಾಗಿ ಬರೆಯಬೇಕಾದದ್ದು 434 ಜನರ ಪತ್ರಗಳನ್ನು.